ಎಣಿಕೆ ಅಷ್ಟೇ ಸಾಲದು, ಮಾತೂ ಲೆಕ್ಕಕ್ಕೆ ಬರಬೇಕು: ಸಂದರ್ಶನ ವಿಂಗಡಿಸುವ ಉಚಿತ ಸಾಫ್ಟ್‌ವೇರ್ ಬಳಸೋದು ಹೇಗೆ?

ಕೋಗಿಲಬನ (ದಾಂಡೇಲಿ): ಪ್ರಶ್ನೆ ಕೇಳೋರು ಬರೋದು ಈ ಭಾಗಕ್ಕೆ ಹೊಸದಲ್ಲ. ಸೂಪಾ ಅಣೆಕಟ್ಟು, ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಅರಣ್ಯ ಅತಿಕ್ರಮಣ, ಈಗ ರೆಸಾರ್ಟು, ಹೋಂ ಸ್ಟೇ. ಯಾವುದೋ ಒಂದು ವಿಷಯ ಹಿಡಿದು ಕಾಲೇಜಿನ ಹುಡುಗರೋ, ಸಂಸ್ಥೆಯವರೋ, ಇಲಾಖೆಯವರೋ ಅಂಗಡಿ ಕಟ್ಟೆ ಹತ್ತಿ ಬರ್ತಾನೇ ಇರ್ತಾರೆ. ಜನ ಅರ್ಧ ತಾಸು ಮಾತಾಡ್ತಾರೆ. ಕೊನೆಗೆ ವರದಿಯಲ್ಲಿ ಉಳಿಯೋದು ಮಾತ್ರ "ಹೌದು ಎಂದವರು ಇಷ್ಟು, ಇಲ್ಲ ಎಂದವರು ಇಷ್ಟು".

ಹೌದು ಅಂದವರು ಯಾಕೆ ಅಂದ್ರು, ಇಲ್ಲ ಅಂದವರ ಕಷ್ಟ ಏನು ಅನ್ನೋದು ನೋಟ್‌ಬುಕ್ಕಿನಲ್ಲೋ ಮೊಬೈಲ್ ರೆಕಾರ್ಡಿಂಗಿನಲ್ಲೋ ಹಾಗೇ ಕೊಳೆಯುತ್ತದೆ. ಬರೆಯೋರಿಗೆ ಮನಸ್ಸಿಲ್ಲ ಅಂತಲ್ಲ. ನೂರಾರು ಪುಟದ ಮಾತನ್ನು ಹೇಗೆ ಜೋಡಿಸಬೇಕು ಅನ್ನೋದೇ ಗೊತ್ತಾಗೋದಿಲ್ಲ. ಆ ಜೋಡಣೆಗೆ ಅಂತಲೇ ಸಾಫ್ಟ್‌ವೇರ್‌ಗಳಿವೆ. ಕೆಲವು ಪೂರ್ತಿ ಉಚಿತ. ಕನ್ನಡದಲ್ಲೂ ಕೆಲಸ ಮಾಡುತ್ತವೆ. ಪ್ರಾಜೆಕ್ಟ್ ಮಾಡುವ ಡಿಗ್ರಿ ಮತ್ತು ಸಮಾಜಕಾರ್ಯ ವಿದ್ಯಾರ್ಥಿಗಳಿಗಷ್ಟೇ ಅಲ್ಲ, ವ್ಯಾಪಾರಸ್ಥರ ಸಂಘ, ಸ್ವಸಹಾಯ ಗುಂಪು, ಅರಣ್ಯ ಹಕ್ಕು ಸಮಿತಿಗೂ ಇದು ಉಪಯೋಗಕ್ಕೆ ಬರುವಂಥದ್ದು.

ಏನಿದು ಗುಣಾತ್ಮಕ ಸಂಶೋಧನೆ?

ರಾಜ್ಯದಲ್ಲಿ 2025ರ ಸೆಪ್ಟೆಂಬರ್ 22ರಂದು ಶುರುವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಎಲ್ಲರಿಗೂ ನೆನಪಿರಬಹುದು. 60 ಪ್ರಶ್ನೆ, ಎಲ್ಲ ಮನೆಗೂ ಅದೇ ಪ್ರಶ್ನೆ, ಉತ್ತರ ಆ್ಯಪ್‌ನಲ್ಲಿ. ಇಂಥದ್ದರಿಂದ ಸಂಖ್ಯೆ ಸಿಗುತ್ತದೆ. ಇದು ಪರಿಮಾಣಾತ್ಮಕ ಅಧ್ಯಯನ.

ಗುಣಾತ್ಮಕ ಅಧ್ಯಯನದಲ್ಲಿ ಜನ ಕಡಿಮೆ, ಮಾತು ಜಾಸ್ತಿ. ಹತ್ತೋ ಹದಿನೈದೋ ಮಂದಿಯನ್ನು ಕೂಡಿಸಿ, ಅವರು ತಮ್ಮದೇ ಮಾತಿನಲ್ಲಿ ಹೇಳಿದ್ದನ್ನು ಕೇಳಿ, ಅದರೊಳಗೆ ಮತ್ತೆ ಮತ್ತೆ ಬರುವ ವಿಷಯ ಯಾವುದು, ಒಬ್ಬರೇ ಹೇಳಿದ ಬೇರೆ ಮಾತು ಯಾವುದು ಅಂತ ಹುಡುಕೋದು. ಎಷ್ಟು ಜನ ಅನ್ನೋದಕ್ಕಿಂತ ಯಾಕೆ, ಹೇಗೆ ಅನ್ನೋದು ಇಲ್ಲಿ ಮುಖ್ಯ.

ಕಿರ್ದಿಯಿಂದ ಖತಾವಣಿಗೆ

ಅಂಗಡಿ ಲೆಕ್ಕ ಬರೆಯೋರಿಗೆ ಈ ಕೆಲಸ ಬೇಗ ಅರ್ಥವಾಗುತ್ತದೆ. ದಿನದ ವ್ಯವಹಾರ ಎಲ್ಲಾ ಮೊದಲು ಕಿರ್ದಿಯಲ್ಲಿ, ನಡೆದ ಹಾಗೇ ಬರೆಯೋದು. ಆಮೇಲೆ ಒಂದೊಂದು ಬಾಬತ್ತನ್ನೂ ಖತಾವಣಿಯಲ್ಲಿ ಆಯಾ ಖಾತೆಗೆ ಏರಿಸೋದು. ಯಾರ ಉದ್ರಿ ಎಷ್ಟು, ಯಾವ ಮಾಲಿಗೆ ಎಷ್ಟು ಹೋಯ್ತು ಅಂತ ನೋಡಬೇಕಾದರೆ ಖಾತೆ ತೆಗೆದರೆ ಸಾಕು. ಅನುಮಾನ ಬಂದರೆ ಪುಟದ ನಂಬರ್ ಹಿಡಿದು ಕಿರ್ದಿಗೆ ವಾಪಸ್ ಹೋಗಬಹುದು.

ಸಂದರ್ಶನವೂ ಹಾಗೇ. ಟೈಪ್ ಮಾಡಿದ ಸಂದರ್ಶನ ಕಿರ್ದಿ ಇದ್ದಂತೆ. ಅದರಲ್ಲಿ "ಉದ್ರಿ", "ಮಳೆಗಾಲ", "ರಸ್ತೆ" ಅಂತ ಹಾಕುವ ಚೀಟಿಗಳು ಖಾತೆಗಳಿದ್ದಂತೆ. ಈ ಚೀಟಿಗೆ ಕೋಡ್ ಅಥವಾ ಟ್ಯಾಗ್ ಅಂತಾರೆ. ಒಂದೇ ವ್ಯತ್ಯಾಸ: ಒಂದೇ ವಾಕ್ಯವನ್ನು ಎರಡು-ಮೂರು ಖಾತೆಗೂ ಏರಿಸಬಹುದು.

ಮೊದಲು ಇದನ್ನೆಲ್ಲ ಕಾರ್ಡು, ಕತ್ತರಿ, ಬಣ್ಣದ ಪೆನ್ನಿನಲ್ಲಿ ಮಾಡ್ತಿದ್ದರು. 1981ರಲ್ಲಿ ಆಸ್ಟ್ರೇಲಿಯಾದ ಲಾ ಟ್ರೋಬ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರಜ್ಞೆ ಲಿನ್ ರಿಚರ್ಡ್ಸ್ ಮತ್ತು ಅವರ ಪತಿ ಟಾಮ್ ರಿಚರ್ಡ್ಸ್ ಈ ಕೆಲಸಕ್ಕೆ ಕಂಪ್ಯೂಟರ್ ಪ್ರೋಗ್ರಾಂ ಬರೆದರು. ಅದರ ಮುಂದಿನ ರೂಪವೇ ಇವತ್ತು ವಿಶ್ವವಿದ್ಯಾಲಯಗಳಲ್ಲಿ ಹೆಚ್ಚು ಕೇಳಿಬರುವ ಎನ್‌ವಿವೋ.

ಒಂದು ತಪ್ಪು ತಿಳಿವಳಿಕೆ ಇಲ್ಲೇ ಬಿಡಬೇಕು. ಸಂದರ್ಶನ ಹಾಕಿ ಬಟನ್ ಒತ್ತಿದರೆ ಉತ್ತರ ಹೊರಗೆ ಬರುತ್ತದೆ ಅಂತ ಬಹಳ ಜನ ತಿಳಿದಿರ್ತಾರೆ. ಹಾಗಿಲ್ಲ. ಓದೋದು, ಯಾವ ಮಾತು ಯಾವ ಖಾತೆಗೆ ಅಂತ ನಿರ್ಧಾರ ಮಾಡೋದು ಮನುಷ್ಯನೇ. ಸಾಫ್ಟ್‌ವೇರ್ ಗುಮಾಸ್ತನ ಹಾಗೆ: ಹೇಳಿದ ಕಡೆ ಇಡುತ್ತದೆ, ಕೇಳಿದಾಗ ತೆಗೆದು ಕೊಡುತ್ತದೆ.

ಯಾವುದು ಆರಿಸಬೇಕು?

ಎನ್‌ವಿವೋ, ಅಟ್ಲಾಸ್ ಡಾಟ್ ಟಿಐ, ಮ್ಯಾಕ್ಸ್‌ಕ್ಯೂಡಿಎ ಈ ಮೂರೂ ದೊಡ್ಡವು, ದುಡ್ಡು ಕೊಟ್ಟು ಲೈಸೆನ್ಸ್ ತಗೋಬೇಕು. ಪಿಎಚ್‌ಡಿ ಮಾಡುವವರಿಗೆ ವಿಶ್ವವಿದ್ಯಾಲಯದಿಂದ ಸಿಕ್ಕರೆ ಸರಿ. ಹತ್ತು-ಇಪ್ಪತ್ತು ಸಂದರ್ಶನಕ್ಕೆ ಇವು ಬೇಕಾಗೋದಿಲ್ಲ.

ಹೊಸಬರಿಗೆ ಸುಲಭ ಅಂದರೆ ಟ್ಯಾಗೆಟ್. ಉಚಿತ, ಮುಕ್ತ ತಂತ್ರಾಂಶ. ಪಠ್ಯ ಹಾಕೋದು, ಗೆರೆ ಎಳೆಯೋದು, ಟ್ಯಾಗ್ ಕೊಡೋದು, ಟ್ಯಾಗ್ ಪ್ರಕಾರ ತೆಗೆಯೋದು ಇಷ್ಟೇ ಅದರ ಕೆಲಸ. ವರ್ಡ್, ಪಿಡಿಎಫ್, ಸಾದಾ ಟೆಕ್ಸ್ಟ್ ಫೈಲ್ ತಗೊಳ್ಳುತ್ತದೆ. ಕಂಪ್ಯೂಟರಿಗೆ ಇನ್‌ಸ್ಟಾಲ್ ಮಾಡಿಕೊಂಡರೆ ಬ್ರೌಸರಿನಲ್ಲಿ ತೆರೆದುಕೊಂಡರೂ ಇಂಟರ್ನೆಟ್ ಬೇಕಿಲ್ಲ. ಜೋಯಿಡಾ ಕಡೆ ನೆಟ್‌ವರ್ಕ್ ಕೈಕೊಟ್ಟರೂ ಕೆಲಸ ನಿಲ್ಲೋದಿಲ್ಲ. ಕೆಲವು ಕಂಪ್ಯೂಟರ್‌ಗಳಲ್ಲಿ ಫೈಲ್ ಓದಿಸಲು ಕ್ಯಾಲಿಬರ್ ಎಂಬ ಇನ್ನೊಂದು ಉಚಿತ ತಂತ್ರಾಂಶವೂ ಬೇಕಾಗಬಹುದು.

ಆಡಿಯೋ, ವಿಡಿಯೋ, ಫೋಟೋಗೂ ಟ್ಯಾಗ್ ಹಾಕಬೇಕು ಅಂದ್ರೆ ಕ್ವಾಲ್‌ಕೋಡರ್ ಇದೆ. ಅದೂ ಉಚಿತ. ಆದರೆ ಕಲಿಯೋಕೆ ಸ್ವಲ್ಪ ದಿನ ಹಿಡಿಯುತ್ತದೆ. ವಿಂಡೋಸ್‌ನಲ್ಲಿ ನಡೆಯುವ ಕ್ಯೂಡಿಎ ಮೈನರ್ ಲೈಟ್ ಕೂಡ ಉಚಿತವಾಗಿ ಸಿಗುತ್ತದೆ. ಮೊದಲ ಸಲ ಮಾಡುವವರು ಟ್ಯಾಗೆಟ್‌ನಲ್ಲಿ ಕೈ ಪಳಗಿಸಿಕೊಂಡು ಮುಂದೆ ಹೋಗೋದು ಒಳ್ಳೇದು. ಮೊಬೈಲಿನಲ್ಲಿ ಈ ಕೆಲಸ ಕಷ್ಟ, ಸಾದಾ ಲ್ಯಾಪ್‌ಟಾಪ್ ಸಾಕು.

ಕನ್ನಡದವರು ಎಡವೋದು ಎಲ್ಲಿ?

ಮೊದಲ ತೊಡಕು ಟೈಪಿಂಗ್. ಡಿಟಿಪಿ ಅಂಗಡಿಗಳಲ್ಲಿ, ಕಚೇರಿಗಳಲ್ಲಿ ಇನ್ನೂ ಹಳೇ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್‌ಗಳು ಬಹಳ ಇವೆ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅದು ಕನ್ನಡ. ಬೇರೆ ಕಡೆ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಈ ಸಾಫ್ಟ್‌ವೇರ್‌ಗಳಿಗೆ ಬೇಕಾದ್ದು ಯೂನಿಕೋಡ್ ಕನ್ನಡ. ಪರೀಕ್ಷೆ ಸುಲಭ: ಒಂದು ಸಾಲು ಕಾಪಿ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಹಾಕಿ ನೋಡಿ. ಕನ್ನಡವಾಗೇ ಕಂಡರೆ ಯೂನಿಕೋಡ್. ಇಲ್ಲಾಂದ್ರೆ ಪರಿವರ್ತಕದಲ್ಲಿ ಹಾಕಿ ಬದಲಾಯಿಸಬೇಕು. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಸರಿ ಬಂದಿವೆಯಾ ಅಂತ ಒಮ್ಮೆ ಕಣ್ಣಾಡಿಸಬೇಕು.

ಎರಡನೇದು ಸ್ಕ್ಯಾನ್ ಮಾಡಿದ ಪಿಡಿಎಫ್. ಅದು ಚಿತ್ರ, ಅಕ್ಷರ ಅಲ್ಲ. ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಚ್ಚಾದ ಕನ್ನಡವನ್ನು ಅಕ್ಷರವಾಗಿ ಮಾಡಿಕೊಡುತ್ತದೆ, ತಪ್ಪು ತಿದ್ದಿಕೊಳ್ಳಬೇಕು.

ಮೂರನೇದು ಸಮಯ. ಒಂದು ಗಂಟೆ ರೆಕಾರ್ಡಿಂಗ್ ಟೈಪ್ ಮಾಡಲು ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆ ಬೇಕು. ಗೂಗಲ್ ಡಾಕ್ಸ್‌ನ ಧ್ವನಿ ಟೈಪಿಂಗ್ ಕನ್ನಡಕ್ಕೂ ಇದೆ. ರೆಕಾರ್ಡಿಂಗನ್ನು ಇಯರ್‌ಫೋನಿನಲ್ಲಿ ಕೇಳುತ್ತಾ ತಾವೇ ಗಟ್ಟಿಯಾಗಿ ಹೇಳಿದರೆ ಕೆಲಸ ಬೇಗ ಆಗುತ್ತದೆ.

ನಾಲ್ಕನೇದು ಇಲ್ಲಿನ ಭಾಷೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದಲ್ಲಿ ಒಂದೇ ಮಾತಿನೊಳಗೆ ಕನ್ನಡ, ಕೊಂಕಣಿ, ಮರಾಠಿ, ಉರ್ದು ಎಲ್ಲಾ ಬರುತ್ತದೆ. ಕುಣಬಿ, ಸಿದ್ದಿ, ಗೌಳಿ ಮನೆಗಳಲ್ಲಿ ಆಡುವ ಮಾತೇ ಬೇರೆ. ಇದನ್ನು ಶುದ್ಧ ಕನ್ನಡಕ್ಕೆ ತಿದ್ದಿ ಬರೆದರೆ ಮಾತಿನ ಖಾರ ಹೋಗುತ್ತದೆ, ಕೆಲವು ಸಲ ಅರ್ಥವೂ. ಅವರು ಅಂದ ಹಾಗೇ ಬರೆದು, ಪಕ್ಕದಲ್ಲಿ ಅರ್ಥ ಹಾಕೋದು ಸರಿ. ಟ್ಯಾಗೆಟ್‌ಗೆ ಹಾಕಿದ ಮೇಲೆ ಪಠ್ಯ ತಿದ್ದಲು ಬರೋದಿಲ್ಲ. ಹಾಗಾಗಿ ತಿದ್ದೋದೆಲ್ಲ ಮೊದಲೇ ಮುಗಿಸಬೇಕು.

ಒಂದು ಉದಾಹರಣೆ ನೋಡೋಣ

ವ್ಯಾಪಾರಸ್ಥರ ಸಂಘವೊಂದು "ಪ್ರವಾಸಿಗರು ಹೆಚ್ಚಾದ ಮೇಲೆ ವ್ಯಾಪಾರ ಹೆಚ್ಚಾಗಿದೆಯೇ?" ಅಂತ ಕೇಳಿತು ಅಂದುಕೊಳ್ಳಿ. ಕೆಳಗಿನ ಮೂರು ಉತ್ತರ ತಿಳಿಸಿಕೊಡಲು ಕಲ್ಪಿಸಿಕೊಂಡವು, ಯಾರದ್ದೂ ನಿಜ ಹೇಳಿಕೆ ಅಲ್ಲ.

ಕಿರಾಣಿ ಅಂಗಡಿಯವರು: "ಶನಿವಾರ, ಐತವಾರ ಗಾಡಿ ಭಾಳ ಬರ್ತಾವ್ರಿ. ಆದ್ರ ಅಂಗಡಿ ಮುಂದ ಒಂದೂ ನಿಂದ್ರೂದಿಲ್ಲ. ನೀರಿನ ಬಾಟ್ಲಿ ಸುದ್ದಾ ಹುಬ್ಬಳ್ಳಿಯಿಂದನ ತುಂಬ್ಕೊಂಡ ಬಂದಿರ್ತಾರ. ನಮಗೇನೂ ಹೆಚ್ಚಾಗಿಲ್ಲ."

ಚಹಾ ಅಂಗಡಿ ಅಕ್ಕ: "ಹೌದ್ರಿ, ಛಲೋ ಆಗೇತಿ. ರೆಸಾರ್ಟಿನಾಗ ಕೆಲಸ ಮಾಡೂ ಹುಡುಗ್ರು ಮುಂಜಾನೆ ಇಲ್ಲೇ ನಾಷ್ಟಾ ಮಾಡ್ತಾರ. ಮಳಿಗಾಲದಾಗ ಅವ್ರೂ ಇರೂದಿಲ್ಲ, ಉದ್ರಿ ಹಂಗ ಉಳಿತೈತಿ."

ಪಂಕ್ಚರ್ ಅಂಗಡಿಯವರು: "ಗಿರಾಕಿ ಹೆಚ್ಚಾಗ್ಯಾರ ಖರೆ. ಆದ್ರ ಹಳೇ ಗಿರಾಕಿ ಕಡಿಮಿ ಆಗ್ಯಾರ. ಪ್ರವಾಸಿಗರ ರೇಟು ನಮಗೂ ಹಚ್ಚತೀರಿ ಅಂತಾರ."

ಬರೀ ಎಣಿಸಿದರೆ ಇಬ್ಬರು ಹೌದು, ಒಬ್ಬರು ಇಲ್ಲ. "ವ್ಯಾಪಾರ ಹೆಚ್ಚಿದೆ" ಅಂತ ವರದಿ ಮುಗಿಯಿತು.

ಈಗ ಟ್ಯಾಗ್ ಹಾಕಿ ನೋಡಿ. ಮೊದಲನೇ ಮಾತಿಗೆ "ನಿಂದ್ರೂದಿಲ್ಲ", "ಹೊರಗಿನ ಖರೀದಿ", "ವಾರಾಂತ್ಯ". ಎರಡನೇದಕ್ಕೆ "ರೆಸಾರ್ಟ್ ಕೆಲಸಗಾರರು", "ಮಳೆಗಾಲ", "ಉದ್ರಿ". ಮೂರನೇದಕ್ಕೆ "ಹಳೇ ಗಿರಾಕಿ", "ದರ". ತಕ್ಷಣ ಬೇರೆ ಚಿತ್ರ ಕಾಣುತ್ತದೆ. ಚಹಾ ಅಂಗಡಿಗೆ ಲಾಭ ತಂದವರು ಪ್ರವಾಸಿಗರಲ್ಲ, ಅವರಿಗಾಗಿ ದುಡಿಯುವ ಹುಡುಗರು. ಪಂಕ್ಚರ್ ಅಂಗಡಿಗೆ ಹೊಸ ಗಿರಾಕಿ ಬಂದರು, ಊರಿನವರು ಮುನಿಸಿಕೊಂಡರು. "ಹೌದು" ಅಂದ ಇಬ್ಬರದ್ದೂ ಒಂದೇ ಹೌದಲ್ಲ. ಸಂಘ ಪಂಚಾಯ್ತಿಗೆ ಮನವಿ ಕೊಡೋದಾದರೆ ಗಾಡಿ ನಿಲ್ಲಿಸಲು ಜಾಗ ಕೇಳಬೇಕಾ, ಮಳೆಗಾಲದ ಉದ್ರಿ ಬಗ್ಗೆ ರೆಸಾರ್ಟಿನವರ ಜೊತೆ ಮಾತಾಡಬೇಕಾ ಅನ್ನೋದು ಈ ಓದಿನಿಂದ ಹೊಳೆಯುತ್ತದೆ, ಎಣಿಕೆಯಿಂದ ಅಲ್ಲ.

"ನಿಂದ್ರೂದಿಲ್ಲ" ಅನ್ನೋ ಟ್ಯಾಗ್ ಅಂಗಡಿಯವರ ಬಾಯಿಂದ ಬಂದ ಮಾತೇ. ಜನರ ಮಾತನ್ನೇ ಟ್ಯಾಗಿನ ಹೆಸರು ಮಾಡೋದು ಒಳ್ಳೇ ಪದ್ಧತಿ. "ಆರ್ಥಿಕ ಪರಿಣಾಮ" ಅಂತ ದೊಡ್ಡ ಹೆಸರು ಕೊಟ್ಟರೆ ಎಲ್ಲಾ ಅದರೊಳಗೇ ತುಂಬಿ, ಏನೂ ಗೊತ್ತಾಗದ ಹಾಗಾಗುತ್ತದೆ.

ಕೆಲಸದ ಕ್ರಮ

1. ಒಬ್ಬರಿಗೆ ಒಂದು ಫೈಲ್. ಹೆಸರಿನ ಬದಲು ನಂಬರ್: "01-ಕಿರಾಣಿ", "02-ಚಹಾ" ಹೀಗೆ.

2. ಟ್ಯಾಗೆಟ್‌ನಲ್ಲಿ ಹೊಸ ಪ್ರಾಜೆಕ್ಟ್ ತೆರೆದು ಫೈಲ್‌ಗಳನ್ನು ಸೇರಿಸಿ. ಮೆನು ಇಂಗ್ಲಿಷಿನಲ್ಲಿದ್ದರೂ ಟ್ಯಾಗನ್ನು ಕನ್ನಡದಲ್ಲೇ ಬರೆಯಬಹುದು.

3. ಟ್ಯಾಗ್ ಹಾಕುವ ಮೊದಲು ಎಲ್ಲಾ ಸಂದರ್ಶನ ಒಮ್ಮೆ ಪೂರ್ತಿ ಓದಿ. ಅವಸರ ಬೇಡ.

4. ಮುಖ್ಯ ಅನಿಸಿದ ಸಾಲನ್ನು ಮೌಸಿನಿಂದ ಆರಿಸಿ ಟ್ಯಾಗ್ ಕೊಡಿ. ಒಂದೇ ಶಬ್ದ ಆರಿಸಬೇಡಿ, ಹಿಂದಿನ-ಮುಂದಿನ ಮಾತೂ ಇರಲಿ. ಇಲ್ಲಾಂದ್ರೆ ಆಮೇಲೆ ಓದಿದಾಗ ತಲೆಬುಡ ತಿಳಿಯೋದಿಲ್ಲ.

5. ಪ್ರತಿ ಟ್ಯಾಗಿನ ಅರ್ಥ ಒಂದು ಸಾಲಿನಲ್ಲಿ ಬರೆದಿಡಿ. "ಉದ್ರಿ" ಅಂದರೆ ಗಿರಾಕಿ ಕೊಡಬೇಕಾದ್ದು ಮಾತ್ರವೋ, ಅಂಗಡಿಯವರು ಸಗಟು ವ್ಯಾಪಾರಿಗೆ ಕೊಡಬೇಕಾದ್ದೂ ಸೇರಿಯೋ? ಇಬ್ಬರು ಸೇರಿ ಕೆಲಸ ಮಾಡುವಾಗ ಜಗಳ ಬರೋದೇ ಇಲ್ಲಿ.

6. ಟ್ಯಾಗ್ ಹೆಚ್ಚಾದರೆ ಒಂದೇ ಅರ್ಥದವನ್ನು ವಿಲೀನ ಮಾಡಿ. ಕೊನೆಗೆ ನಾಲ್ಕೈದು ಮುಖ್ಯ ವಿಷಯದ ಕೆಳಗೆ ಎಲ್ಲಾ ಕೂಡಬೇಕು.

7. ಒಂದೊಂದು ಟ್ಯಾಗ್ ಒತ್ತಿ, ಅದರ ಕೆಳಗೆ ಬಂದ ಎಲ್ಲರ ಮಾತೂ ಸಾಲಾಗಿ ಓದಿ. ಯಾರು ಹೇಳಿದರು, ಯಾರು ಹೇಳಲಿಲ್ಲ, ಯಾರು ಉಲ್ಟಾ ಹೇಳಿದರು ಅಂತ ಬರೆದುಕೊಳ್ಳಿ. ಉಲ್ಟಾ ಹೇಳಿದವರನ್ನು ಬಿಡಬೇಡಿ. ಬಹಳ ಸಲ ಹೊಸ ವಿಷಯ ಸಿಗೋದು ಅಲ್ಲೇ.

8. ಎಕ್ಸೆಲ್ ಅಥವಾ ವರ್ಡ್ ಫೈಲಾಗಿ ಹೊರತೆಗೆದು ವರದಿ ಬರೆಯಿರಿ.

ಅರಣ್ಯ ಹಕ್ಕಿನ ಅರ್ಜಿಗೂ ಸಂಬಂಧ ಇದೆಯೇ?

ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮ 13ರಲ್ಲಿ ಸಾಕ್ಷ್ಯ ಅಂದರೆ ಸರ್ಕಾರಿ ಕಾಗದ ಅಷ್ಟೇ ಅಲ್ಲ. ಅರ್ಜಿದಾರರನ್ನು ಬಿಟ್ಟು ಬೇರೆ ಹಿರಿಯರು ಹೇಳಿ, ಬರಹಕ್ಕಿಳಿಸಿದ ಹೇಳಿಕೆಯೂ ಒಂದು ಸಾಕ್ಷ್ಯ. ಬಾವಿ, ಸ್ಮಶಾನ, ಪವಿತ್ರ ಸ್ಥಳದಂಥ ಹಳೇ ಗುರುತುಗಳೂ ಸಾಕ್ಷ್ಯ. ಒಂದಕ್ಕಿಂತ ಹೆಚ್ಚು ಸಾಕ್ಷ್ಯ ನೋಡಬೇಕು ಅಂತಲೂ ನಿಯಮ ಹೇಳುತ್ತದೆ. ಇತರೆ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಅಷ್ಟು ಹಳೇ ಕಾಗದ ಎಷ್ಟು ಮನೆಯಲ್ಲಿ ಸಿಗುತ್ತದೆ? ಹಿರಿಯರ ನೆನಪಿನ ಬೆಲೆ ಇಲ್ಲಿ ತಿಳಿಯುತ್ತದೆ.

ಹತ್ತು ಹಿರಿಯರ ಹೇಳಿಕೆ ಬರೆದುಕೊಂಡರೆ ಯಾವ ಅಜ್ಜ ಯಾವ ಬಾವಿಯ ಮಾತು ಹೇಳಿದ, ಯಾವ ಅಜ್ಜಿ ಯಾವ ದೇವರ ಬನದ ಬಗ್ಗೆ ಹೇಳಿದಳು ಅಂತ ಹುಡುಕೋದೇ ಒಂದು ಕೆಲಸ. "ಹಳೇ ಬಾವಿ", "ಸ್ಮಶಾನ", "ದನದ ದಾರಿ" ಅಂತ ಟ್ಯಾಗ್ ಹಾಕಿಟ್ಟರೆ ಒಂದೇ ಜಾಗದ ಬಗ್ಗೆ ಮೂವರು ಹೇಳಿದ್ದು ಒಟ್ಟಿಗೆ ಸಿಗುತ್ತದೆ. ಹೇಳಿಕೆಗಳಲ್ಲಿ ವ್ಯತ್ಯಾಸ ಇದ್ದರೆ ಅದೂ ಮೊದಲೇ ಕಾಣುತ್ತದೆ.

ಆದರೆ ಒಂದು ಎಚ್ಚರ. ಸಾಫ್ಟ್‌ವೇರಿನಿಂದ ತೆಗೆದ ಪಟ್ಟಿ ಸಾಕ್ಷ್ಯ ಅಲ್ಲ. ಹಿರಿಯರ ಹೆಸರು, ಸಹಿ ಅಥವಾ ಹೆಬ್ಬೆಟ್ಟು ಇರುವ ಹೇಳಿಕೆಯನ್ನೇ ಕಡತಕ್ಕೆ ಸೇರಿಸಬೇಕು. ಅವರು ಹೇಳಿದ್ದನ್ನು ಅರ್ಜಿಗೆ ಹೊಂದೋ ಹಾಗೆ ತಿದ್ದಲೂಬಾರದು.

ಬೆಂಕಿಗೆ ಹೋದ ಟಿಪ್ಪಣಿ

ಮೈಸೂರಿನವರಾದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಹಳೇ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಉಳಿದು ಅಲ್ಲಿನ ಬದುಕನ್ನು ಟಿಪ್ಪಣಿ ಮಾಡಿಕೊಂಡರು. ವರ್ಷಗಟ್ಟಲೆ ಕೂತು ಅದನ್ನು ವಿಂಗಡಿಸಿ ಜೋಡಿಸಿದರು. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಅಧ್ಯಯನ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿ ಹಚ್ಚಿದರು. ವಿಂಗಡಿಸಿದ ಟಿಪ್ಪಣಿಯ ಮೂರು ಪ್ರತಿಗಳೂ ಅದೇ ಕೋಣೆಯಲ್ಲಿದ್ದವು. ಮೂಲ ಟಿಪ್ಪಣಿ ದೆಹಲಿಯಲ್ಲಿ ಉಳಿದಿತ್ತು, ಜೋಡಿಸಿದ್ದು ಹೋಯಿತು. ಆಮೇಲೆ ಅವರು ಬಹುಪಾಲು ನೆನಪಿನಿಂದಲೇ ಬರೆದ ಪುಸ್ತಕ "ದಿ ರಿಮೆಂಬರ್ಡ್ ವಿಲೇಜ್" 1976ರಲ್ಲಿ ಬಂತು.

ಇದರಲ್ಲಿ ಹೊಸಬರಿಗೆ ಎರಡು ಪಾಠ ಇವೆ. ಮೂರು ಪ್ರತಿ ಮಾಡಿದರೆ ಸಾಲದು, ಮೂರು ಕಡೆ ಇಡಬೇಕು. ಲ್ಯಾಪ್‌ಟಾಪಿನಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು, ಬೇರೆ ಮನೆಯಲ್ಲಿ ಇನ್ನೊಂದು. ಟ್ಯಾಗ್ ಹಾಕಿದ ಪ್ರಾಜೆಕ್ಟಿನ ಪ್ರತಿಯೂ ಇರಬೇಕು, ಬರೀ ಸಂದರ್ಶನದ್ದಲ್ಲ. ಇನ್ನೊಂದು, ಶ್ರೀನಿವಾಸರು ಪುಸ್ತಕದಲ್ಲಿ ಆ ಹಳ್ಳಿಯ ನಿಜ ಹೆಸರು ಹಾಕಲಿಲ್ಲ, ರಾಮಪುರ ಅಂತ ಕರೆದರು. ನಂಬಿ ಮಾತಾಡಿದವರಿಗೆ ತೊಂದರೆ ಆಗಬಾರದು ಅನ್ನೋದು ಈ ಕೆಲಸದ ಹಳೇ ಪದ್ಧತಿ.

ಹೆಸರು ಹೊರಗೆ ಹೋಗದಿರಲಿ

ಸಣ್ಣ ಊರಿನಲ್ಲಿ ಹೆಸರು ತೆಗೆದರೂ ಗುರುತು ಸಿಗುತ್ತದೆ. "ಬಸ್ ಸ್ಟಾಪ್ ಎದುರಿನ ಚಹಾ ಅಂಗಡಿ" ಅಂದರೆ ಮುಗೀತು, ಎಲ್ಲರಿಗೂ ಗೊತ್ತು. ಮಾಲೀಕರ ಮೇಲೆ, ಇಲಾಖೆ ಮೇಲೆ ದೂರು ಹೇಳಿದವರಿಗೆ ನಾಳೆ ಅದೇ ಕಾರಣಕ್ಕೆ ಕಿರಿಕಿರಿ ಆಗಬಾರದು. ರೆಕಾರ್ಡ್ ಮಾಡುವ ಮೊದಲೇ ಯಾಕೆ, ಯಾರಿಗೆ, ಎಲ್ಲಿ ಇಡ್ತೀವಿ ಅಂತ ಅವರ ಭಾಷೆಯಲ್ಲೇ ಹೇಳಿ ಒಪ್ಪಿಗೆ ತಗೋಬೇಕು. ಬೇಡ ಅಂದರೆ ಬಿಡಬೇಕು.

ಕೃತಕ ಬುದ್ಧಿಮತ್ತೆಗೆ ಸಂದರ್ಶನ ಪೂರ್ತಿ ಹಾಕಿ "ಸಾರಾಂಶ ಕೊಡು" ಅನ್ನೋರೂ ಈಗ ಇದ್ದಾರೆ. ಹಾಗೆ ಮಾಡಿದರೆ ಜನರ ಮಾತು ಹೊರಗಿನ ಕಂಪನಿಯ ಸರ್ವರ್‌ಗೆ ಹೋಗುತ್ತದೆ. ಕೊಂಕಣಿ ಬೆರೆತ ಕನ್ನಡವನ್ನು ಅದು ತಪ್ಪು ತಿಳಿದು, ಆದರೂ ನಯವಾಗಿ ಬರೆದುಕೊಡಬಹುದು. ಮೂಲ ಮಾತಿನ ಜೊತೆ ತಾಳೆ ನೋಡದೆ ಅದನ್ನು ನಂಬಬಾರದು.

ಮೊದಲ ವಾರ ಇಷ್ಟು ಸಾಕು

ದೊಡ್ಡ ವಿಷಯ ಬೇಡ. ಪರಿಚಯದ ಮೂರು ಜನರಿಗೆ ಒಂದೇ ಪ್ರಶ್ನೆ ಕೇಳಿ, ಹತ್ತು ಹತ್ತು ನಿಮಿಷ. ಯೂನಿಕೋಡಿನಲ್ಲಿ ಟೈಪ್ ಮಾಡಿ. ಟ್ಯಾಗೆಟ್‌ಗೆ ಹಾಕಿ ಹತ್ತು ಟ್ಯಾಗ್‌ಗಿಂತ ಹೆಚ್ಚಾಗದ ಹಾಗೆ ವಿಂಗಡಿಸಿ. ಕೊನೆಗೆ ಒಂದು ಪುಟ ಬರೆದು ಆ ಮೂರೂ ಜನರಿಗೆ ಓದಿ ಹೇಳಿ. "ಹೌದು, ನಾ ಅಂದಿದ್ದು ಇದನ್ನೇ" ಅಂತ ಅವರು ಅಂದರೆ ಕೆಲಸ ಸರಿ ಆಗಿದೆ. "ನಾ ಹಿಂಗ ಅಂದೇ ಇಲ್ಲ" ಅಂದರೆ ಟ್ಯಾಗ್ ತೆಗೆದು ಮತ್ತೆ ಓದಬೇಕು. ಸರ್ವೆ ಮಾಡಿಹೋದವರು ವರದಿ ತೋರಿಸಲು ವಾಪಸ್ ಬರೋದೇ ಇಲ್ಲ ಅನ್ನೋ ದೂರು ಹಳ್ಳಿಗಳಲ್ಲಿ ಹಳೇದು. ಊರಿನವರೇ ಈ ಕೆಲಸ ಕಲಿತರೆ ಓದಿ ಹೇಳಲು ದೂರ ಹೋಗಬೇಕಿಲ್ಲ, ಅದೇ ಅಂಗಡಿ ಕಟ್ಟೆ ಮೇಲೆ ಕೂತರೆ ಆಯ್ತು.